ಹಿಂದಕ್ಕೆ ಓಡಿಸುವ ಹುಡುಗಿ

ಮಾರ್ಚ್ ೩

ಅಪ್ಪಾ,

ಈ ಕಾಗದವನ್ನು ಬಸ್ಸು ನಿಲ್ಲಿಸಿದ ಮೇಲೆ ಓದು. ಸ್ಟೀರಿಂಗ್ ಹಿಡಿದುಕೊಂಡು ಓದಿದರೆ ಎದುರಿಗೆ ಬರುವವರ ಗತಿ ಹೇಳುವಂತಿಲ್ಲ.

ನಾನು ಚಿಕ್ಕಮ್ಮನ ಮನೆಗೆ ಹೋಗಿಲ್ಲ. ಹೊಲಿಗೆ ಕಲಿಯುವುದಕ್ಕೂ ಹೋಗಿಲ್ಲ. ಸೂಜಿಗೆ ದಾರ ಪೋಣಿಸಲು ಬಾರದವಳು ತಾನಾಗಿಯೇ ಹೊಲಿಗೆ ಕಲಿಯುತ್ತೇನೆ ಎಂದಾಗಲೇ ನಿಮಗಿಬ್ಬರಿಗೂ ಅನುಮಾನ ಬರಬೇಕಿತ್ತು. ನಾನು ಯುದ್ಧದ ಸ್ವಯಂಸೇವಕರ ದಳಕ್ಕೆ ಸೇರಿದ್ದೇನೆ. ಜೊತೆಗೆ ಪೀಪಿಯೂ ಇದ್ದಾನೆ. ಹೌದು, ನಿನ್ನ ಬಸ್ಸಿನ ಕಂಡಕ್ಟರ್ ಪೀಪಿಯೇ. ಅವನಿಗೆ ಜ್ವರ ಬಂದಿಲ್ಲ, ಕಲ್ಲುಗುಂಡಿನ ಹಾಗಿದ್ದಾನೆ. ಅವನನ್ನು ಬೈಯಬೇಡ, ಐಡಿಯಾ ನನ್ನದು.

ಸೇರಿಸಿಕೊಳ್ಳುವ ದಿನ ಒಬ್ಬ ಮೀಸೆ ಕ್ಯಾಪ್ಟನ್ ಕೂತು ಎಲ್ಲರನ್ನೂ "ನಿನಗೇನು ಬರುತ್ತೆ?" ಎಂದು ಕೇಳುತ್ತಿದ್ದರು. ನನ್ನ ಮುಂದಿದ್ದವನಿಗೆ ಈಜು ಬರುತ್ತಿತ್ತು. ಅವನ ಮುಂದಿದ್ದವಳಿಗೆ ಹಾಡು ಬರುತ್ತಿತ್ತು. ನಾನು "ಬಸ್ಸು ಓಡಿಸ್ತೀನಿ ಸರ್" ಎಂದುಬಿಟ್ಟೆ. ಸುಳ್ಳೇನಲ್ಲವಲ್ಲ? ರಜೆ ಬಂದಾಗಲೆಲ್ಲ ನನ್ನನ್ನು ಡಿಪೋಗೆ ಕರೆದುಕೊಂಡು ಹೋಗಿ, ತೊಳೆದ ಬಸ್ಸುಗಳನ್ನು ರಿವರ್ಸ್ ತೆಗೆದು ಸಾಲಾಗಿ ನಿಲ್ಲಿಸಲು ಕೊಡುತ್ತಿದ್ದವನು ನೀನೇ. ಡಿಪೋದ ಗೇಟು ದಾಟಿಸಿದ್ದೀಯಾ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮಾರನೆಯ ದಿನ ಪರೀಕ್ಷೆ. ಅದೊಂದು ತರಕಾರಿ ಲಾರಿ. ಬಿಳಿ ಬಣ್ಣ ಬಳಿದು ಆಂಬುಲೆನ್ಸ್ ಮಾಡಿದ್ದಾರೆ, ಒಳಗೆ ಇನ್ನೂ ಈರುಳ್ಳಿ ವಾಸನೆ ಹೋಗಿಲ್ಲ. "ಮುಂದಕ್ಕೆ ಹೋಗು" ಎಂದರು. ಹೋದೆ. ಬಾವುಟದ ಕಂಬ ಬಿತ್ತು. ಪುಣ್ಯಕ್ಕೆ ಅದರ ಮೇಲೆ ಬಾವುಟ ಇರಲಿಲ್ಲ, ಕ್ಯಾಪ್ಟನ್ ಸಾಹೇಬರ ಒಗೆದ ಷರಟು ಒಣಗುತ್ತಿತ್ತು. "ಹಿಂದಕ್ಕೆ ತಗೊಳ್ಳೇ ತಾಯಿ!" ಎಂದು ಬಾಯಿ ಬಡಿದುಕೊಂಡರು. ಪೀಪಿ ಹಿಂದೆ ನಿಂತು "ಬರ್ಲಿ, ಬರ್ಲಿ, ಬರ್ಲಿ" ಎಂದ. ಎರಡು ಸಾಲು ಡೇರೆಗಳ ನಡುವೆ, ಒಂದು ಹಗ್ಗಕ್ಕೂ ತಾಗದ ಹಾಗೆ, ಒಂದೇ ಏಟಿಗೆ ಅಡುಗೆ ಕೋಣೆಯ ತನಕ ಹೋಗಿ ನಿಲ್ಲಿಸಿದೆ.

ಕ್ಯಾಪ್ಟನ್ ಬಹಳ ಹೊತ್ತು ಮೀಸೆ ನೀವಿಕೊಂಡರು. "ಅಲ್ಲಮ್ಮಾ, ಹಿಂದಕ್ಕೆ ಇಷ್ಟು ಚೆನ್ನಾಗಿ ಓಡಿಸೋಳಿಗೆ ಮುಂದಕ್ಕೆ ಏನಾಗಿದೆ?"

"ಮುಂದಕ್ಕೆ ನಮ್ಮಪ್ಪ ಬಿಟ್ಟಿಲ್ಲ ಸರ್."

ತೆಗೆದುಕೊಂಡರು. ಡ್ರೈವರುಗಳೇ ಇಲ್ಲವಂತೆ. ಇಲ್ಲಿ ಎಲ್ಲರೂ ನಮ್ಮ ವಯಸ್ಸಿನವರೇ, ಮದುವೆ ಮನೆಗೆ ಬಂದ ಹಾಗಿದೆ. ಯುದ್ಧ ಮುಗಿಯುವುದರೊಳಗೆ ಒಂದಾದರೂ ಫಿರಂಗಿ ಸದ್ದು ಕೇಳಬೇಕು ಎಂದು ಪೀಪಿಗೆ ಆಸೆ. ಅಮ್ಮನಿಗೆ ನೀನೇ ನಿಧಾನಕ್ಕೆ ಹೇಳು.

ಸಿಟ್ಟು ಮಾಡಿಕೊಳ್ಳಬಾರದು ಎಂದು ಬೇಡಿಕೊಳ್ಳುವ
ನಿನ್ನ ಪುಟ್ಟಿ

ಮಾರ್ಚ್ ೧೪

ಕತ್ತೆ,

ಬೇರೆ ಯಾವ ಹೆಸರಿನಿಂದ ಶುರು ಮಾಡಬೇಕು ಅಂತ ತಿಳಿಯಲಿಲ್ಲ.

ನಿಮ್ಮಮ್ಮನಿಗೆ ನಿಧಾನಕ್ಕೆ ಹೇಳು ಅಂತ ಬರೆದಿದ್ದೀಯ. ನಿಧಾನಕ್ಕೇ ಹೇಳಿದೆ. ಅವಳು ಜೋರಾಗಿಯೇ ಕೇಳಿಸಿಕೊಂಡಳು. ಹುಡುಗಿಯ ಕೈಗೆ ಸ್ಟೀರಿಂಗ್ ಕೊಟ್ಟವರು ಯಾರು ಅನ್ನುವುದೊಂದೇ ಅವಳ ಪ್ರಶ್ನೆ. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ ಕತೆಯಿಲ್ಲ. ಊಟಕ್ಕೆ ಕರೆಯಬೇಕಾದರೂ ಗೋಡೆಗೆ ಹೇಳುತ್ತಾಳೆ. ನಾನು ಗೋಡೆಯ ಪಕ್ಕದಲ್ಲೇ ಕೂತಿರುತ್ತೇನೆ.

ಅದು ಆಟವಲ್ಲ ಪುಟ್ಟಿ. ಮದುವೆ ಮನೆಯೂ ಅಲ್ಲ. ನನಗೆ ಯುದ್ಧದ ವಿಚಾರ ಏನೂ ಗೊತ್ತಿಲ್ಲ, ನಿನಗೆ ನನಗಿಂತ ಕಡಿಮೆ ಗೊತ್ತು. ಹೊರಟು ಬಾ. ಪೀಪಿಗೂ ಹೇಳು, ಅವನ ಜಾಗಕ್ಕೆ ಕೊಟ್ಟಿರುವ ಕಂಡಕ್ಟರು ಜನರ ಜೊತೆ ಜಗಳ ಆಡದ ಸ್ಟಾಪೇ ಇಲ್ಲ.

ಹೊರಡುವವರೆಗೆ ಇಷ್ಟು ನೆನಪಿಟ್ಟುಕೋ. ಬಸ್ಸಿನಲ್ಲಿ ನಿಂತವರಿಗೆ ಹಿಡಿದುಕೊಳ್ಳಲು ಕಂಬಿ ಇರುತ್ತದೆ. ಮಲಗಿದವರಿಗೆ ಏನೂ ಇರುವುದಿಲ್ಲ. ಗುಂಡಿ ಕಂಡರೆ ಹತ್ತಿರ ಹೋಗಿ ಬ್ರೇಕು ಒದೆಯಬೇಡ, ದೂರದಿಂದಲೇ ವೇಗ ಇಳಿಸು. ಚಕ್ರ ಗುಂಡಿಗೆ ಇಳಿಯುವ ಹೊತ್ತಿಗೆ ಬ್ರೇಕಿನ ಮೇಲೆ ಕಾಲು ಇರಕೂಡದು. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಮನೆಗೆ ಬಂದ ಮೇಲೆ ಕಿವಿ ಹಿಂಡುತ್ತೇನೆ. ಮುಂದಕ್ಕೆ ಓಡಿಸುವುದೂ ಹಿಂದಕ್ಕೆ ಓಡಿಸುವ ಹಾಗೆಯೇ, ಕತ್ತು ತಿರುಗಿಸಿಕೊಂಡಿರಬೇಕಾಗಿಲ್ಲ ಅಷ್ಟೇ.

ಇದನ್ನೆಲ್ಲ ಹೇಳಿಕೊಟ್ಟೆ ಅಂದಮಾತ್ರಕ್ಕೆ ಅಲ್ಲೇ ಇರು ಅಂತ ಅರ್ಥವಲ್ಲ. ಹೊರಟು ಬಾ.

ಅಪ್ಪ

ಏಪ್ರಿಲ್ ೨

ಅಪ್ಪಾ,

ಬೈದರೂ ಚೆನ್ನಾಗಿ ಬೈದೆ. ಗುಂಡಿಯ ಪಾಠ ಕೆಲಸಕ್ಕೆ ಬಂತು. ಈಗ ಮುಂದಕ್ಕೂ ಓಡಿಸುತ್ತೇನೆ, ಕಂಬಗಳೆಲ್ಲ ಸುರಕ್ಷಿತವಾಗಿವೆ.

ನಮ್ಮನ್ನು ಗಡಿಯ ಹತ್ತಿರ ತಂದಿದ್ದಾರೆ. ಇಲ್ಲೊಂದು ಡೇರೆಯ ಆಸ್ಪತ್ರೆ ಇದೆ. ಮೇಲಿನ ಗುಡ್ಡದಲ್ಲಿ ಗಾಯವಾದವರನ್ನು ಇಲ್ಲಿಗೆ ಇಳಿಸಿ ತರುವುದು ನಮ್ಮ ಕೆಲಸ. ಇನ್ನೂ ಯಾರಿಗೂ ಗಾಯವಾಗಿಲ್ಲ, ನಾವು ದಿನಾ ಲಾರಿ ತೊಳೆಯುತ್ತಿದ್ದೇವೆ. ಆಸ್ಪತ್ರೆಯನ್ನು ನೋಡಿಕೊಳ್ಳುವ ಡಾಕ್ಟರಮ್ಮ ಎಲ್ಲರನ್ನೂ ಒಂದೇ ಸಮನೆ ಬೈಯುತ್ತಾರೆ, ಅಮ್ಮನ ನೆನಪಾಗುತ್ತದೆ.

ಈ ಪೀಪಿ ಮಾಡಿದ ಎಡವಟ್ಟು ಕೇಳು. ಅವನ ಸೀಟಿ ಅವನ ಕತ್ತಿನಲ್ಲೇ ಇರುತ್ತದೆ ಎನ್ನುವುದು ನಿನಗೆ ಗೊತ್ತೇ ಇದೆ. ಲಾರಿ ಹೊರಡಿಸಬೇಕಾಗಿತ್ತು. ನಿನ್ನ ಬಸ್ಸಿನಲ್ಲಿ ಮಾಡುವ ಹಾಗೆ ಬಾಗಿಲಿಗೆ ಜೋತುಬಿದ್ದು ಎರಡು ಸಲ ಗಟ್ಟಿಯಾಗಿ ಊದಿದ. ಇಲ್ಲಿ ಸೀಟಿ ಎಂದರೆ ಒಂದೇ ಅರ್ಥ: ವಿಮಾನ ಬಂತು, ಸಿಕ್ಕ ಹಳ್ಳಕ್ಕೆ ಬೀಳು!

ಬಿದ್ದರು ಅಪ್ಪಾ. ಇಡೀ ಶಿಬಿರ ಬಿತ್ತು. ಅಡುಗೆಯವರು ಸೌಟಿನ ಸಮೇತ ಬಿದ್ದರು. ಈಜುಗಾರ ಕೊನೆಗೂ ನೀರಿಗೆ ಬಿದ್ದ, ಪಾತ್ರೆ ತೊಳೆದ ನೀರು. ಮೀಸೆ ಕ್ಯಾಪ್ಟನ್ ಅರ್ಧ ಗಡ್ಡ ಕೆರೆದುಕೊಂಡವರು ಹಾಗೇ ಹಾರಿದರು. ನನ್ನ ಮಟ್ಟಿಗೆ ಹೇಳುವುದಾದರೆ, ಸೀಟಿ ಕೇಳಿದ ಕೂಡಲೇ ನಾನು ಗೇರ್ ಹಾಕಿ ಹೊರಟೇಬಿಟ್ಟೆ! ಕನ್ನಡಿಯಲ್ಲಿ ನೋಡಿದರೆ ಒಂದು ನರಪಿಳ್ಳೆಯೂ ಇಲ್ಲ. ಹಳ್ಳದಿಂದ ಒಂದೊಂದೇ ತಲೆ ಮೇಲೆ ಬಂತು. ಸೋಪಿನ ನೊರೆಯ ಮುಖ ಹೊತ್ತು ಕ್ಯಾಪ್ಟನ್ ಎದ್ದು, "ಯಾವನಯ್ಯಾ ಅವನು?" ಎಂದು ಗುಡುಗಿದರು.

"ರೈಟ್ ಹೇಳಿದೆ ಸರ್" ಎಂದ ಪೀಪಿ.

ನಮಗೆಲ್ಲ ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯಿತು. ಸೀಟಿಯನ್ನು ಕಿತ್ತುಕೊಂಡು ಬೀಗ ಹಾಕಿ ಇಟ್ಟಿದ್ದಾರೆ. ಪೀಪಿ ಈಗ ಆಲೂಗಡ್ಡೆ ಸುಲಿಯುತ್ತಿದ್ದಾನೆ. ಒಬ್ಬ ಹಳೆಯ ಸಿಪಾಯಿ ಮಾತ್ರ ಹಳ್ಳದಿಂದ ಮೇಲೆ ಬರಲೇ ಇಲ್ಲ. ತಲೆಯ ಮೇಲೆ ಕೈ ಹೊತ್ತುಕೊಂಡು ಅಲ್ಲೇ ಮುದುಡಿ ಕೂತಿದ್ದರು. ಡಾಕ್ಟರಮ್ಮ ಇಳಿದುಹೋಗಿ ಪಕ್ಕದಲ್ಲಿ ಕೂತರು, ಅವತ್ತು ಮಾತ್ರ ಬೈಯಲಿಲ್ಲ. ಅವರನ್ನು ನೋಡಿದ ಮೇಲೆ ನಮ್ಮ ನಗುವೂ ನಿಂತುಹೋಯಿತು.

ಈಗಲೇ ಬರುವುದಿಲ್ಲ. ಅಮ್ಮ ಮಾತಾಡಿದಳಾ?

ನಿನ್ನ ಹಠಮಾರಿ
ಪುಟ್ಟಿ

ಏಪ್ರಿಲ್ ೧೬

ಪುಟ್ಟಿ,

ಗಡಿಯಲ್ಲಿ ಜೋರು ಯುದ್ಧ ಶುರುವಾಗಿದೆ ಅಂತ ಪೇಪರಿನಲ್ಲಿ ಬಂದಿದೆ. ಬಸ್ಸಿನಲ್ಲಿ ಅದೇ ಮಾತು. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ನನಗೆ ಹಿಂದಕ್ಕೆ ತಿರುಗಿ ಬಾಯಿ ಮುಚ್ಚಿ ಅನ್ನಬೇಕು ಅನಿಸುತ್ತದೆ. ನಿಮ್ಮಮ್ಮ ಮಾತು ಶುರು ಮಾಡಿದ್ದಾಳೆ. ಕಾಗದ ಬಂತಾ ಅನ್ನುವುದೊಂದೇ ಮಾತು.

ಒಂದು ಸಾಲಾದರೂ ಬರೆ. ಅದಕ್ಕಿಂತ ಹೊರಟು ಬಾ.

ಅಪ್ಪ

ಏಪ್ರಿಲ್ ೨೮

ಅಪ್ಪಾ, ಅಮ್ಮಾ,

ಚೆನ್ನಾಗಿದ್ದೇನೆ. ಪೀಪಿಯೂ ಚೆನ್ನಾಗಿದ್ದಾನೆ. ಮೊದಲು ಇದನ್ನು ಓದಿಕೊಳ್ಳಿ, ಉಸಿರು ಬಿಡಿ.

ಫಿರಂಗಿ ಸದ್ದು ಕೇಳಿದೆವು. ಕಿವಿಗೆ ಕೇಳುವುದಲ್ಲ ಅದು, ಹೊಟ್ಟೆಯೊಳಗೆ ಕೇಳುತ್ತದೆ. ಬೆಳಗ್ಗೆ ಚಹಾ ಕುಡಿಯುತ್ತಿದ್ದೆವು, ಲೋಟ ಕೆಳಗಿಡುವುದರೊಳಗೆ "ಆಂಬುಲೆನ್ಸ್!" ಎಂದು ಕೂಗಿದರು. ಗುಡ್ಡದ ಮೇಲೆ ನಾಲ್ವರನ್ನು ಸ್ಟ್ರೆಚರಿನಲ್ಲಿ ಮಲಗಿಸಿದ್ದರು. ಅಪ್ಪಾ, ನಾನು ಗಾಯವೆಂದರೆ ಬಿಳಿ ಬಟ್ಟೆ ಸುತ್ತಿರುತ್ತದೆ ಎಂದುಕೊಂಡಿದ್ದೆ. ಸುತ್ತುವ ಮುಂಚೆ ಹೇಗಿರುತ್ತದೆ ಎಂದು ಯೋಚಿಸಿಯೇ ಇರಲಿಲ್ಲ. ಹಾಡು ಬರುತ್ತಿದ್ದ ಹುಡುಗಿ ಪಕ್ಕಕ್ಕೆ ಹೋಗಿ ವಾಂತಿ ಮಾಡಿಕೊಂಡು ಬಂದು ಸ್ಟ್ರೆಚರು ಹಿಡಿದಳು. ನಾನು ಎಷ್ಟು ಸಲ ತುರುಕಿದರೂ ಲಾರಿಯ ಕೀಲಿ ತೂತಿಗೆ ಹೋಗಲೇ ಒಲ್ಲದು.

ನಾಲ್ವರಲ್ಲಿ ಒಬ್ಬರು ಸೈನ್ಯಕ್ಕೆ ಸೇರುವ ಮುಂಚೆ ಕಮ್ಮಾರರಾಗಿದ್ದವರು, ಭಾರಿ ಆಳು. ಕಾಲಿಗೂ ತಲೆಗೂ ಪೆಟ್ಟು ಬಿದ್ದಿತ್ತು. "ಇವರನ್ನ ನಿದ್ದೆ ಮಾಡೋಕೆ ಬಿಡ್ಬೇಡಿ, ಏನಾದ್ರೂ ಮಾತಾಡಿಸ್ತಾ ಇರಿ" ಎಂದು ಹೇಳಿ ಕಳಿಸಿದರು. ಹೊರಟರೆ ಮುಂದಿನ ರಸ್ತೆಗೆ ಗುಂಡು ಬಿದ್ದು ಬಾವಿಯಷ್ಟು ಗುಂಡಿ. ಇನ್ನೊಂದು ದಾರಿ ಹಿಂದೆ ಇದ್ದ ಓಣಿ ಒಂದೇ. ಎರಡೂ ಕಡೆ ಗೋಡೆ, ಲಾರಿ ತಿರುಗಿಸಲು ಜಾಗವಿಲ್ಲ. ಪೀಪಿ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಇಬ್ಬರಿಗೂ ನಗು ಬಂದುಬಿಟ್ಟಿತು, ಆ ಹೊತ್ತಿನಲ್ಲಿ! ಡಿಪೋದಲ್ಲಿ ನಾನು ಮಾಡಿದ್ದೆಲ್ಲ ಅದೇ ಕೆಲಸ ತಾನೇ? ರಿವರ್ಸ್ ಹಾಕಿದೆ. ಗುಡ್ಡದ ಬುಡದವರೆಗೂ ಹಿಂದಕ್ಕೇ ಬಂದೆ.

ಪೀಪಿ ಒಳಗೆ ಅವರ ಜೊತೆ ಕೂತಿದ್ದ. ಏನು ಮಾತಾಡಿಸಬೇಕು ಎಂದು ಅವನಿಗೆ ತೋಚಲಿಲ್ಲ. ಕಮ್ಮಾರರ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಗಾಬರಿಯಲ್ಲಿ ಅವನ ಬಾಯಿಗೆ ಬಂದದ್ದು ಒಂದೇ: "ಗಡಿಯಾರದ ಕಂಬ, ಗಡಿಯಾರದ ಕಂಬ ಇಳ್ಯೋರು ಬನ್ನಿ! ಮುಂದೆ ಹಳೇ ಮಾರ್ಕೆಟ್ಟು! ಹುಡುಗೀರ ಶಾಲೆ!" ನಿನ್ನ ರೂಟು ಅಪ್ಪಾ!

ಕಮ್ಮಾರರು ಕಣ್ಣು ಬಿಟ್ಟರು. "ಯಾವೂರಿನ ಬಸ್ಸಪ್ಪಾ ಇದು?"

"ನಮ್ಮೂರಿಂದು. ಇಳೀಬೇಡಿ, ನಿಮ್ ಸ್ಟಾಪು ಇನ್ನೂ ಬಂದಿಲ್ಲ."

"ಶಾಲೆ ಆದ್ಮೇಲೆ ಯಾವ್ದು?"

ಪೀಪಿ ಹೇಳುತ್ತಾ ಹೋದ. ಕಲ್ಲು ಸೇತುವೆ ಮುಟ್ಟಿದರೆ ವಾಪಸ್ಸು ಗಡಿಯಾರದ ಕಂಬಕ್ಕೆ. ಮರದ ಮಿಲ್ಲು, ನೀರಿನ ಟ್ಯಾಂಕು ಗಡಿಬಿಡಿಯಲ್ಲಿ ಹಿಂದುಮುಂದಾದವು, ನಾನು ತಿದ್ದುವ ಸ್ಥಿತಿಯಲ್ಲಿ ಇರಲಿಲ್ಲ. ಉಳಿದ ಮೂವರೂ ದನಿಗೂಡಿಸಿದರು. ಒಬ್ಬರು ಚಿಲ್ಲರೆ ಇಲ್ಲ ಎಂದರು. ನೋವಿನಲ್ಲಿ ಕೂಗುತ್ತಲೇ ನಗುತ್ತಿದ್ದರು. ನಾನು ಮಾತ್ರ ಮುಂದೆ ಕೂತು ಅಳುತ್ತಾ ಓಡಿಸಿದೆ, ಕಣ್ಣು ಮಾತ್ರ ಕನ್ನಡಿಯ ಮೇಲೇ ಇತ್ತು. ನಾಲ್ವರನ್ನೂ ಜೀವಂತ ಇಳಿಸಿದೆವು!

ಆಮೇಲಿಂದ ಪ್ರತಿ ಸಲವೂ ಪೀಪಿ ರೂಟು ಹೇಳುತ್ತಾನೆ. ಗುಡ್ಡದ ಮೇಲೆ ನಮ್ಮ ಲಾರಿಗೆ ಬಸ್ಸು ಎಂದೇ ಹೆಸರು ಬಿದ್ದಿದೆ. ಭಯವಾಗುತ್ತದೆ ಅಪ್ಪಾ, ಸುಳ್ಳು ಹೇಳುವುದಿಲ್ಲ. ಆದರೂ ಇಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ.

ನಿಮ್ಮ
ಪುಟ್ಟಿ

ಜೂನ್ ೯

ಅಪ್ಪಾ,

ನಿನ್ನ ಕಾಗದಗಳು ಬಂದವು. ಉತ್ತರ ಬರೆಯಲು ಮನಸ್ಸಾಗಲಿಲ್ಲ.

ಹೋದ ವಾರ ಒಬ್ಬನನ್ನು ಇಳಿಸಿ ತರುತ್ತಿದ್ದೆವು. ನಮ್ಮ ಹಾಗೆಯೇ ಸ್ವಯಂಸೇವಕ, ನನಗಿಂತ ಚಿಕ್ಕವನು. ಸೇರಿ ಒಂದು ತಿಂಗಳೂ ಆಗಿರಲಿಲ್ಲ. ತುಂಬಾ ತರಲೆ. ಹುಡುಗೀರ ಶಾಲೆ ಬಂದಾಗ "ಇಲ್ಲೇ ಇಳ್ಕೊತೀನಿ, ಬಿಟ್ಬಿಡಿ" ಎಂದ. ಪೀಪಿ "ಇಲ್ಲಿ ಗಂಡಸರಿಗೆ ಸ್ಟಾಪಿಲ್ಲ" ಎಂದ. ನಾನೂ ಮುಂದಿನಿಂದ ಏನೋ ಹೇಳಿ ನಗಿಸಿದೆ. ಆಸ್ಪತ್ರೆಯ ಮುಂದೆ ನಿಲ್ಲಿಸಿ, ಬಾಗಿಲು ತೆಗೆದು, "ಲಾಸ್ಟ್ ಸ್ಟಾಪು, ಎಲ್ಲಾ ಇಳೀರಿ" ಎಂದೆ. ಅವನು ಹೋಗಿಬಿಟ್ಟಿದ್ದ. ಪೀಪಿ ಅವನ ಕೈ ಹಿಡಿದುಕೊಂಡೇ ಇದ್ದ, ಅವನಿಗೂ ಗೊತ್ತಾಗಿರಲಿಲ್ಲ. ನಾವು ಯಾವ ಸ್ಟಾಪಿನಿಂದ ಸುಮ್ಮನೆ ಕೂಗುತ್ತಾ ಬಂದೆವೋ ಏನೋ.

ಅವತ್ತಿನಿಂದ ನನಗೆ ಒಂದೇ ಯೋಚನೆ. ನಮ್ಮನ್ನು ಡೇರೆಯ ಪರದೆಯಾಚೆ ಬಿಡುವುದಿಲ್ಲ. ಇಳಿಸಬೇಕು, ಲಾರಿ ತೊಳೆಯಬೇಕು, ಮತ್ತೆ ಗುಡ್ಡ ಹತ್ತಬೇಕು. ಅಲ್ಲಿಂದ ಅವರನ್ನು ಯಾವುದೋ ಊರಿನ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಇಷ್ಟು ದಿನ ಇಳಿಸಿದವರಲ್ಲಿ ಒಬ್ಬರಾದರೂ ಬದುಕಿದ್ದಾರಾ? ನನಗೆ ಗೊತ್ತಿಲ್ಲ. ಎಲ್ಲರೂ ಅವನ ಹಾಗೆಯೇ ಹೋಗಿರಬಹುದು, ನಾವು ಬಾಗಿಲ ತನಕ ನಗಿಸಿಕೊಂಡು ಬಂದದ್ದಷ್ಟೇ ಆಗಿರಬಹುದು. ಆಗ ಈ ಕೆಲಸಕ್ಕೆ ಏನರ್ಥ?

ಈ ತಿಂಗಳ ಕೊನೆಗೆ ನಮ್ಮ ಅವಧಿ ಮುಗಿಯುತ್ತದೆ. ಇರುವವರು ಇರಬಹುದು, ಹೋಗುವವರು ಹೋಗಬಹುದು. ಪೀಪಿ ಇರುತ್ತಾನಂತೆ. ನನ್ನ ಕೈಲಾಗುವುದಿಲ್ಲ. ನಾನು ಬರುತ್ತೇನೆ ಅಪ್ಪಾ. ಅಮ್ಮನಿಗೆ ಹೇಳು.

ಪುಟ್ಟಿ

ಜೂನ್ ೨೧

ಪುಟ್ಟಿ,

ನಿನ್ನ ಕಾಗದ ಬಂದ ದಿನ ನಿಮ್ಮಮ್ಮ ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದಳು. ಗೋಡೆಯ ಜೊತೆ ಮಾತು ಬಿಟ್ಟು ನನ್ನ ಜೊತೆ ಆಡಿದಳು. ನನಗೂ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಅದನ್ನು ಮೊದಲು ಹೇಳಿಬಿಡುತ್ತೇನೆ, ಆಮೇಲೆ ಅಪ್ಪನಿಗೆ ನಾನು ಬೇಡವಾಗಿತ್ತು ಅಂತ ನೀನು ಅಂದುಕೊಳ್ಳಬಾರದು.

ಈಗ ಕೇಳು. ಮೊನ್ನೆ ಗಡಿಯಾರದ ಕಂಬದ ಹತ್ತಿರ ಊರುಗೋಲು ಹಿಡಿದ ಒಬ್ಬ ಭಾರಿ ಆಳು ಹತ್ತಿದ. ಒಂದು ಕಾಲು ಮಂಡಿಯ ತನಕ ಅಷ್ಟೇ. ಹತ್ತಿಸಿಕೊಂಡು ಮುಂದಿನ ಸೀಟಿನಲ್ಲಿ ಕೂರಿಸಿದರು. ಬಸ್ಸು ಹೊರಟಿತು. ನಮ್ಮ ಜಗಳಗಂಟ ಕಂಡಕ್ಟರು ಬಾಯಿ ತೆರೆಯುವುದರೊಳಗೆ ಈ ಮನುಷ್ಯ "ಮುಂದೆ ಹಳೇ ಮಾರ್ಕೆಟ್ಟು!" ಅಂತ ಕೂಗಿದ. ಜನ ತಿರುಗಿ ನೋಡಿದರು. ಮಾರ್ಕೆಟ್ಟು ದಾಟಿದೆವು. "ಹುಡುಗೀರ ಶಾಲೆ!" ಅಂದ. ಕಂಡಕ್ಟರಿಗೆ ರೇಗಿತು. "ಏನ್ರೀ, ನನ್ ಕೆಲಸ ನೀವ್ ಮಾಡ್ತೀರೇನು?" ಅಂದ. ಆ ಮನುಷ್ಯನಿಗೆ ಅದು ಕಿವಿಗೇ ಬೀಳಲಿಲ್ಲ. ಸೀಟಿನ ತುದಿಗೆ ಬಂದು ಕಿಟಕಿಯಿಂದ ಕತ್ತು ಚಾಚಿದ್ದ. ಮುಂದೆ ನೀರಿನ ಟ್ಯಾಂಕು ಕಂಡಿತು ನೋಡು, ಊರುಗೋಲು ಎತ್ತಿ ಬಸ್ಸಿನ ತಳಕ್ಕೆ ಕುಟ್ಟಿದ. "ಅಯ್ಯೋ, ಸೋತೆ! ಮೊದ್ಲು ಟ್ಯಾಂಕು! ಆಮೇಲೆ ಮಿಲ್ಲು!"

ನಾನು ಬಸ್ಸನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದೆ. ಟ್ಯಾಂಕು ಮಿಲ್ಲು ಹಿಂದುಮುಂದಾದ ಕತೆ ನನಗೂ ನಿಮ್ಮಮ್ಮನಿಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಇಂಜಿನ್ನು ಆರಿಸಿ ಹಿಂದಕ್ಕೆ ತಿರುಗಿ, "ನಮ್ಮೂರಿನವರಾ?" ಅಂತ ಕೇಳಿದೆ.

"ಇಲ್ಲಾ ಸ್ವಾಮಿ. ಈ ಊರಿಗೆ ಬಂದಿದ್ದೇ ಆಸ್ಪತ್ರೆಗೆ, ಕಣ್ಮುಚ್ಕೊಂಡು. ನಿನ್ನೆ ಬಿಟ್ರು."

"ಮತ್ತೆ ಸ್ಟಾಪೆಲ್ಲ ಹೇಗೆ ಗೊತ್ತು?"

"ಒಂದ್ ಬಸ್ಸಲ್ಲಿ ಕಲ್ತೆ. ಈರುಳ್ಳಿ ವಾಸನೆ ಹೊಡೀತಿತ್ತು. ಒಬ್ಳು ಹುಡುಗಿ ಅದನ್ನ ಹಿಂದಕ್ಕೇ ಓಡಿಸ್ಕೊಂಡು ಬಂದ್ಲು ನೋಡಿ, ಗುಡ್ಡದಿಂದ. ಒಂದ್ ಗುಂಡೀಲಾದ್ರೂ ನನ್ ಕಾಲು ಅಲ್ಲಾಡಿದ್ರೆ ಕೇಳಿ!"

ಅವನೇ ಮುಂದುವರಿಸಿದ. ಅವನ ಜೊತೆ ನಿನ್ನ ಲಾರಿಯಲ್ಲಿ ಬಂದ ಮೂವರೂ ಬದುಕಿದ್ದಾರೆ ಪುಟ್ಟಿ. ಆಮೇಲೆ ಬಂದವರಲ್ಲೂ ಸುಮಾರು ಜನ ಅದೇ ವಾರ್ಡಿನಲ್ಲಿ ಇದ್ದಾರೆ. ಎಲ್ಲರಿಗೂ ನಮ್ಮ ರೂಟು ಬಾಯಿಪಾಠ. ಮಿಲ್ಲು ಮೊದಲೋ ಟ್ಯಾಂಕು ಮೊದಲೋ ಅಂತ ಎರಡು ಪಾರ್ಟಿಯಾಗಿ ಕಿತ್ತಾಡುತ್ತಾರಂತೆ, ನರ್ಸಮ್ಮ ಬಂದು ಗದರಿಸಬೇಕಂತೆ. ಅವೆಲ್ಲ ಇದೇ ಊರಿನ ಸ್ಟಾಪು ಅಂತ ಅವರಿಗೆ ಹೇಳಿದ್ದೂ ಅವಳೇ ಅಂತೆ. ಅದನ್ನು ಕಣ್ಣಾರೆ ನೋಡಿ ಇತ್ಯರ್ಥ ಮಾಡಿ ಅಂತ ಇವನನ್ನು ಕಳಿಸಿದ್ದಾರೆ. ನಾನು ಅವಳಪ್ಪ ಅಂದೆ. ಎಷ್ಟು ಸಣ್ಣ ದನಿಯಲ್ಲಿ ಅಂದೆನೋ, ಎರಡು ಸಲ ಹೇಳಬೇಕಾಯಿತು. ಅವನು ಸೀಟಿನ ಮೇಲಿಂದಲೇ ಬಾಗಿ ನನ್ನ ಎರಡೂ ಕೈ ಹಿಡಿದುಕೊಂಡ. ಬಸ್ಸಿನಲ್ಲಿ ಒಬ್ಬರೂ ಲೇಟಾಯಿತು ಅನ್ನಲಿಲ್ಲ. ಕಂಡಕ್ಟರು ಮೂಗು ಒರೆಸಿಕೊಳ್ಳುತ್ತಿದ್ದ.

ಮನೆಗೆ ಕರೆತಂದೆ. ನಿಮ್ಮಮ್ಮ ಬಡಿಸಿದಳು. ಅವಳು ಕೇಳಿದ್ದು ಒಂದೇ, "ಅವಳು ಸರಿಯಾಗಿ ಊಟ ಮಾಡ್ತಾಳಾ?" ಅಂತ. ಅವನು ಹೋದ ಮೇಲೆ ಪಾತ್ರೆ ಜೋಡಿಸುತ್ತಾ, "ಇದನ್ನ ಅವಳಿಗೆ ಬರೀಬೇಡಿ" ಅಂದಳು. "ಬರೆದ್ರೆ ಅವಳು ಬರಲ್ಲ. ನನ್ ಮಗಳು ನಂಗೊತ್ತು. ತಿಂಗಳು ಮುಗಿಯೋತನಕ ಸುಮ್ನಿರಿ, ಬಂದ್ಮೇಲೆ ಎಷ್ಟು ಬೇಕಾದ್ರೂ ಹೇಳಿ."

ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ನಾನೂ ಸುಮ್ಮನಿದ್ದೆ. ಎರಡು ದಿನ ಬಸ್ಸು ಓಡಿಸಿದೆ, ಒಂದು ಸ್ಟಾಪೂ ನೆಟ್ಟಗೆ ನಿಲ್ಲಿಸಲಿಲ್ಲ. ಸುಮ್ಮನಿದ್ದರೆ ನೀನು ಬರುತ್ತೀಯ. ಆದರೆ ಯಾರೂ ಬದುಕಲಿಲ್ಲ ಅಂದುಕೊಂಡು ಬರುತ್ತೀಯ. ಹಾಗೆ ಬಂದವಳನ್ನು ನಾನು ಯಾವ ಮುಖ ಇಟ್ಟುಕೊಂಡು ಎದುರುಗೊಳ್ಳಲಿ? ಇವತ್ತು ನಿಮ್ಮಮ್ಮನಿಗೆ ಬರೆಯುತ್ತೇನೆ ಅಂದೆ. ಅವಳು ಅತ್ತಳು. ಆಮೇಲೆ ಅವಳೇ ಪೆನ್ನು ಹುಡುಕಿ ಕೊಟ್ಟಳು.

ಬಾ ಅನ್ನುವುದಕ್ಕೂ ಬಾಯಿ ಬರುತ್ತಿಲ್ಲ, ಬರಬೇಡ ಅನ್ನುವುದಕ್ಕೂ ಬರುತ್ತಿಲ್ಲ. ಆ ಹುಡುಗನನ್ನು ನೆನೆದು ನಾವಿಬ್ಬರೂ ಅತ್ತೆವು. ನಿನಗೆ ಸರಿ ಕಂಡದ್ದನ್ನು ಮಾಡು. ಬಂದರೂ ನನ್ನ ಮಗಳೇ, ಅಲ್ಲೇ ಇದ್ದರೂ ನನ್ನ ಮಗಳೇ.

ಅಪ್ಪ

ಜುಲೈ ೨

ಅಪ್ಪಾ, ಅಮ್ಮಾ,

ಊರಿಗೆ ಹೋಗುವ ಗಾಡಿ ಬಂದು ನಿಂತಿತ್ತು. ನಾನು ಗಂಟುಮೂಟೆ ಕಟ್ಟಿಕೊಂಡು ಅದರ ಪಕ್ಕದಲ್ಲೇ ಇದ್ದೆ. ಪೀಪಿ ಮುಖ ಊದಿಸಿಕೊಂಡು ನನ್ನ ಪೆಟ್ಟಿಗೆ ಹಿಡಿದಿದ್ದ. ಅಂಚೆಯವನು ಕೂಗಿದ.

ನಿಂತಲ್ಲೇ ಓದಿದೆ. ಓದುತ್ತಾ ನೆಲಕ್ಕೆ ಕೂತುಬಿಟ್ಟೆ. ಯಾರೋ ಸತ್ತರು ಅಂದುಕೊಂಡು ಪೀಪಿ ಓಡಿಬಂದ. "ಬದುಕಿದ್ದಾರೆ ಕಣೋ!" ಎಂದೆ. "ಯಾರು?" ಎಂದ. "ಎಲ್ಲಾ! ಕಮ್ಮಾರರು, ಚಿಲ್ಲರೆ ಇಲ್ಲ ಅಂದೋರು, ಎಲ್ಲಾ!" ಅವನು ಪೆಟ್ಟಿಗೆ ಬಿಸಾಕಿ ಆ ಶಿಬಿರದ ನಡುವೆ ಕುಣಿದ. ಪೆಟ್ಟಿಗೆ ಒಡೆದು ನನ್ನ ಬಟ್ಟೆಯೆಲ್ಲ ಮಣ್ಣಿನ ಪಾಲಾಯಿತು. ಮೀಸೆ ಕ್ಯಾಪ್ಟನ್ ಬಂದು ಏನು ಗಲಾಟೆ ಎಂದು ಕೇಳಿದರು, ಅವರಿಗೂ ಓದಿ ಹೇಳಿದೆ. ಅವರು ಗಾಡಿಯವನಿಗೆ "ನೀನು ಹೊರಡು" ಎಂದರು. ಇರುತ್ತೀಯಾ ಎಂದು ನನ್ನನ್ನು ಕೇಳಲೂ ಇಲ್ಲ.

ಇನ್ನೂ ಮೂರು ತಿಂಗಳು ಇರುತ್ತೇನೆ ಅಮ್ಮಾ. ನೀನು ಹೇಳಿದ್ದು ನಿಜವಾಯಿತು. ನನ್ನ ಮೇಲೆ ಸಿಟ್ಟು ಮಾಡಿಕೋ, ಅಪ್ಪನ ಮೇಲೆ ಬೇಡ. ಅವನು ಬರೆ ಎಂದರೂ ಬರೆಯುತ್ತಾನೆ, ಬೇಡ ಎಂದರೂ ಬರೆಯುತ್ತಾನೆ, ನಿನಗೆ ಗೊತ್ತಿದ್ದೇ ಪೆನ್ನು ಕೊಟ್ಟೆ. ಊಟ ಮಾಡುತ್ತಿದ್ದೇನೆ, ಆಲೂಗಡ್ಡೆ ತಿಂದು ತಿಂದು ನಾನೇ ಆಲೂಗಡ್ಡೆಯ ಹಾಗಾಗಿದ್ದೇನೆ.

ಆ ಹುಡುಗನನ್ನು ನಾನು ಮರೆಯುವುದಿಲ್ಲ. ಮತ್ತೆ ಹಾಗೆ ಆಗುವುದಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ, ನಿನ್ನೆಯೇ ಆಯಿತು. ಆದರೆ ಈಗ ಇಳಿಸುವಾಗ ಪ್ರತಿಯೊಬ್ಬರ ಕಿವಿಯಲ್ಲೂ ಹೇಳುತ್ತೇನೆ: "ಗುಣ ಆದ್ಮೇಲೆ ಗಡಿಯಾರದ ಕಂಬದ ಹತ್ರ ನಮ್ಮಪ್ಪನ ಬಸ್ಸು ಹತ್ತಿ." ಯಾರಾದರೂ ಹತ್ತಿದರೆ ಬರೆ ಅಪ್ಪಾ. ಯಾರೂ ಹತ್ತದಿದ್ದರೂ ಬರೆ.

ಮಿಲ್ಲು ಟ್ಯಾಂಕಿನ ವಿಚಾರದಲ್ಲಿ ಪೀಪಿ ಈಗಲೂ ತಾನು ಸರಿಯಾಗಿಯೇ ಹೇಳಿದ್ದು ಎನ್ನುತ್ತಾನೆ. ಟ್ಯಾಂಕನ್ನೇ ಯಾರೋ ಎತ್ತಿಟ್ಟಿರಬೇಕಂತೆ.

ನಿಮ್ಮಿಬ್ಬರ
ಪುಟ್ಟಿ

ಆಗಸ್ಟ್ ೭

ಪುಟ್ಟೀ,

ನಾನು, ಅಮ್ಮ. ನನಗೆ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ನಗಬೇಡ. ನಿನ್ನ ಮೇಲೆ ಸಿಟ್ಟು ಇನ್ನೂ ಹೋಗಿಲ್ಲ.

ನಿಮ್ಮಪ್ಪ ಬರೆಯಲು ಕೂತಿದ್ದರು, ಎರಡು ಸಾಲು ಬರೆಯುವುದರೊಳಗೆ ಕಣ್ಣೀರು ಸುರಿಸಿ ಕಾಗದ ಹಾಳು ಮಾಡಿದರು. ಅದಕ್ಕೆ ನಾನೇ ಬರೆಯುತ್ತಿದ್ದೇನೆ. ದಿನಾ ಮಧ್ಯಾಹ್ನ ನೀನು ಕಳಿಸುವವರಿಗೆ ಅಂತ ಊಟದ ಡಬ್ಬಿ ತೆಗೆದುಕೊಂಡು ಅವರ ಬಸ್ಸು ಹತ್ತುತ್ತೇನೆ. ಮುಂದಿನ ಸೀಟಿನಲ್ಲಿ ಕೂತು ಬಾಗಿಲು ನೋಡುತ್ತಿರುತ್ತೇನೆ. ಆ ಕಂಡಕ್ಟರು ನನ್ನ ಹತ್ತಿರವೂ ಟಿಕೆಟ್ ಕೇಳುತ್ತಾನೆ, ದಿನಾ ಅವನ ಜೊತೆ ಒಂದು ಜಗಳ ಆಗುತ್ತದೆ. ಹೋದ ವಾರ ಯಾರೂ ಬರಲಿಲ್ಲ. ಡಬ್ಬಿ ಹಾಗೇ ವಾಪಸ್ಸು ತಂದೆ.

ಇವತ್ತು ಇಬ್ಬರು ಹತ್ತಿದರು. ಒಬ್ಬನಿಗೆ ಕಣ್ಣಿಗೆ ಪಟ್ಟಿ ಕಟ್ಟಿದ್ದರು, ಇನ್ನೊಬ್ಬ ಅವನ ತೋಳು ಹಿಡಿದು ನಡೆಸುತ್ತಿದ್ದ. ಕಣ್ಣಿಗೆ ಪಟ್ಟಿ ಕಟ್ಟಿದವನು ಒಂದು ಸ್ಟಾಪನ್ನೂ ತಪ್ಪಿಸದೆ ಹೇಳಿದ. ಇಬ್ಬರಿಗೂ ಹೊಟ್ಟೆ ತುಂಬಾ ಬಡಿಸಿದೆ. ಊಟ ಮಾಡುತ್ತಾ ಅವನು, "ಆ ಹಿಂದಕ್ಕೆ ಓಡಿಸೋ ಹುಡುಗಿ ಯಾರ ಮಗಳಮ್ಮಾ?" ಅಂತ ಕೇಳಿದ.

ನನ್ನ ಮಗಳು ಕಣಪ್ಪಾ ಅಂದೆ, ಇಡೀ ಬಸ್ಸಿಗೆ ಕೇಳುವ ಹಾಗೆ.

ಅಮ್ಮ